ಎರಡು ತಾಸಿನ ಬ್ರೆಡ್ಡು

“ಏ ಮೋನಿ! ನಿನ್ನ ಸೊಸಿ ಕೈಗೆ ಲಕ್ವಾ ಹೊಡದದೇನಬೇ? ಸಸಿ ಹಚ್ಚಾಕತ್ಯಾಳೋ, ದೇವರಿಗೆ ಹೂವ ಏರ್ಸಾಕತ್ಯಾಳೋ?”

ಅಮಾತೆಪ್ಪಗೌಡ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಒದರಿದ. ಕೆಸರಿನಲ್ಲಿ ಬಗ್ಗಿದ್ದ ಹನ್ನೊಂದು ಹೆಂಗಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮೋನಮ್ಮ ಮಾತ್ರ ಬಗ್ಗಿದಲ್ಲಿಂದಲೇ ಹೇಳಿದಳು.

“ಹಚ್ತಾಳ್ರಿ ಗೌಡ್ರ. ಹಸಿ ಬಾಣಂತಿ ಅದಾಳ್ರಿ, ನಡ ಹಿಡದದ.”

“ಬಾಣಂತಿ ಆದ್ರ ಮನ್ಯಾಗ ಬಿದ್ಕೊಬೇಕು. ಹಡಿಯೋದು ನಿಮ್ಮ ಕೇರ್ಯಾಗ, ಲುಕ್ಸಾನು ನನಗೇನು? ಕುರಿ ಈದಂಗ ವರ್ಷಕ್ಕೊಂದು ಈಯ್ತೀರಿ ರಂಡ್ಯಾರ!”

ಸೊಸೆ ದೇವಕ್ಕನಿಗೆ ಅದು ಚೊಚ್ಚಲು. ಹೆರಿಗೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಬದುವಿನ ಜಾಲಿಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಮಲಗಿತ್ತು ಅನ್ನುವುದು ಸುಳ್ಳು. ಅತ್ತು ಅತ್ತು ದಣಿದು ಸುಮ್ಮನಾಗಿತ್ತು. ಅದು ಮತ್ತೆ ಸಣ್ಣಗೆ ಕುಂಯ್ ಅಂದಿತು. ದೇವಕ್ಕ ಸಸಿಯ ಕಟ್ಟು ಕೈಬಿಟ್ಟು ಅತ್ತೆಯ ಮುಖ ನೋಡಿದಳು.

“ಹೋಗು, ಒಂದೀಟು ಕುಡಿಸಿ ಬಾ. ನಿನ್ನ ಸಾಲು ನಾ ಹಚ್ತೀನಿ,” ಅಂದಳು ಮೋನಮ್ಮ.

“ಕುಡಿಸಾಕ ಏನದ ಅತ್ತಿ? ಮುಂಜಾನಿಂದ ಜಗ್ಗಿ ಜಗ್ಗಿ ಕಚ್ಚಾಕತ್ತದ. ಬರಂಗಿಲ್ಲ.”

ಮೋನಮ್ಮನಿಗೆ ಆ ಮಾತು ಕೆಸರಿನಲ್ಲಿ ಹುದುಗಿದ ಜಾಲಿಮುಳ್ಳು ತುಳಿದ ಹಾಗಾಯಿತು. ಮಧ್ಯಾಹ್ನದ ಊಟ ಮುಗಿದು ಸರಿಯಾಗಿ ಎರಡು ತಾಸಾಗಿತ್ತು. ಅವಳ ಹೊಟ್ಟೆಯೂ ಆಗಲೇ ಬೆನ್ನಿಗೆ ಹತ್ತಿತ್ತು. ಕೈಬೆರಳು ಸಣ್ಣಗೆ ನಡುಗುತ್ತಿದ್ದವು. ಇದು ಅವಳೇ ತನ್ನ ಬಾಯಿಂದ ತಂದುಕೊಂಡ ಹಸಿವು.

ಅದು ಆದದ್ದು ಹೀಗೆ. ನಾಟಿ ಶುರುವಾಗುವ ಮುಂಚೆ ಹೊಲದ ಒಡೆಯ ಗುಂಪಿನ ಹಿರಿಯಳಿಗೆ ಎಲೆ-ಅಡಿಕೆ ಕೊಡುವುದು ದೇವಾಪುರದ ಸುತ್ತಿನ ವಾಡಿಕೆ. ಎಲೆ ಹಿಡಿದರೆ ಮುಗಿಯಿತು, ಅವನ ಗದ್ದೆಯ ಕೊನೆಯ ಮಡಿ ಹಚ್ಚುವವರೆಗೆ ಗುಂಪು ಬೇರೆಯವರ ಹೊಲಕ್ಕೆ ಕಾಲಿಡುವಂತಿಲ್ಲ. ನಡುವೆ ಬಿಟ್ಟು ಹೋದವರನ್ನು ಆಮೇಲೆ ಯಾವ ಊರಿನವರೂ ಕರೆಯುವುದಿಲ್ಲ. ಮಧ್ಯಾಹ್ನದ ಊಟ ಒಡೆಯನದು. ತಲೆಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಒಂದು ಹಿಡಿ ಶೇಂಗಾ ಹಿಂಡಿ. ಈ ವರ್ಷ ಗೌಡ ಮೋನಮ್ಮನ ಉಡಿಗೆ ಮೇಲಿಂದ ಎಲೆ-ಅಡಿಕೆ ಉದುರಿಸುತ್ತ ಹೇಳಿದ್ದ: “ಕಾಲುವಿ ನೀರು ಬಂದ ಮ್ಯಾಲ ಎಲ್ಲಾ ನೆಲ್ಲೇ ಆತು. ಜೋಳ ಎಲ್ಲಿಂದ ತರ್ಲಿ? ರಂಗಂಪೇಟಿಂದ ಬ್ರೆಡ್ಡು ತರಸ್ತೀನಿ. ತಲಿಗೆ ಆರು ತುಣುಕು, ಮ್ಯಾಲ ಚಾ. ಕಬೂಲ್ ಏನು?”

ಮೋನಮ್ಮ ಹಿಗ್ಗಿಬಿಟ್ಟಳು. ಬ್ರೆಡ್ಡು ಅಂದರೆ ಅವಳ ಕೇರಿಯಲ್ಲಿ ಜಡ್ಡಾದವರಿಗೆ ಒಯ್ಯುವ ಭಾಗ್ಯದ ತಿನಿಸು. ಗಂಡ ಸುರಪುರದ ದವಾಖಾನೆಯಲ್ಲಿ ಕೊನೆಯ ದಿನ ಎಣಿಸುತ್ತ ಮಲಗಿದ್ದಾಗ ಒಂದೇ ಒಂದು ಪೊಟ್ಟಣ ಒಯ್ದಿದ್ದಳು. ಅವನು ಬಿಟ್ಟ ಅಂಚನ್ನು ಕಣ್ಣಿಗೊತ್ತಿಕೊಂಡು ತಿಂದಿದ್ದಳು. ಬೆಳ್ಳಗಿದ್ದದ್ದೆಲ್ಲ ಉಳ್ಳವರ ಊಟ, ಅದು ಹೊಟ್ಟೆಗೂ ಹೆಚ್ಚಿನದೇ ಇರಬೇಕು ಎಂದು ನಂಬಿದವಳು ಅವಳು. “ಕಬೂಲ್ರಿ ಗೌಡ್ರ. ದಿನಾ ಹಬ್ಬ ಆತು ತಗೋರಿ,” ಅಂದಿದ್ದಳು.

ಮೊದಲ ದಿನ ಎಲ್ಲರೂ ನಕ್ಕೊಂತ ತಿಂದರು. ನಾಲಿಗೆಯ ಮೇಲೆ ಇಟ್ಟರೆ ಸಾಕು, ಕರಗಿತು. ಸುಂದ್ರಮ್ಮ ಮಾತ್ರ ತುಣುಕನ್ನು ಹಿಚುಕಿ ಗೋಲಿಯಷ್ಟು ಮಾಡಿ ಎಲ್ಲರಿಗೂ ತೋರಿಸಿದಳು. “ನೋಡ್ರಬೇ, ಗೌಡನ ಧರ್ಮ ಹಿಂಡಿದ್ರ ಇಷ್ಟೇ ಅದ! ನಮಗೆಲ್ಲಾ ಏನು ಜಡ್ಡು ಬಂದದಂತ ಬ್ರೆಡ್ಡು ಕೊಡ್ತಾನ?”

ಎರಡು ತಾಸಿನ ಮೇಲೆ ಜಡ್ಡು ಯಾವುದೆಂದು ತಿಳಿಯಿತು. ತಿಂದಾಗ ಊದಿದ ಪುಗ್ಗೆಯ ಹಾಗೆ ತುಂಬಿದ ಹೊಟ್ಟೆ, ಎರಡು ಮಡಿ ಹಚ್ಚುವಷ್ಟರಲ್ಲಿ ಠುಸ್ ಅಂದಿತ್ತು. ಬರಿಯ ಹಸಿವಲ್ಲ ಅದು, ತಿನ್ನದೆ ಇದ್ದಾಗಿನ ಹಸಿವಿಗಿಂತ ಕೆಟ್ಟದ್ದು. ಬೆವರು ಕಿತ್ತುಕೊಂಡು ಬಂದು, ಕಣ್ಣ ಮುಂದೆ ಸಾಸಿವೆ ಸಿಡಿದು, ಮೈಯೆಲ್ಲ ಏನಾದರೂ ಕೊಡು ಏನಾದರೂ ಕೊಡು ಎಂದು ಬಾಯಿ ತೆರೆಯುತ್ತಿತ್ತು. ರೊಟ್ಟಿ ಉಂಡ ದಿನಗಳಲ್ಲಿ ದನ ಮನೆಗೆ ಬರುವ ಹೊತ್ತಿನವರೆಗೆ ಹೊಟ್ಟೆಯ ನೆನಪೇ ಬರುತ್ತಿರಲಿಲ್ಲ.

ಮನೆಯಲ್ಲಾದರೂ ಒಂದು ಆಸರೆಯಿತ್ತು. ಊರಿಗೆಲ್ಲ ಕಾಲುವೆ ನೀರು ಹರಿದರೂ ಮೋನಮ್ಮನ ಅರ್ಧ ಎಕರೆಗೆ ಮಾತ್ರ ಏರಲಿಲ್ಲ. ಅದು ದಿಬ್ಬದ ಮೇಲಿತ್ತು. ನೀರು ಸಿಕ್ಕವರು ಅವಳನ್ನು ಕಂಡು ಅಯ್ಯೋ ಅಂದಿದ್ದರು. ಅಲ್ಲಿ ಅವಳು ಬಿಳಿಜೋಳ ಬಿತ್ತಿ, ಅರ್ಧ ಚೀಲ ತೆಗೆದು ಸೊಸೆಯ ಬಾಣಂತನಕ್ಕೆಂದು ಇಟ್ಟಿದ್ದಳು. ಮಗ ಪುಣೆಯಲ್ಲಿ ಕಲ್ಲು ಹೊರುತ್ತಿದ್ದ. ರಾತ್ರಿಯ ಒಂದು ರೊಟ್ಟಿ, ಮುಂಜಾನೆಯ ಒಂದು ಬಟ್ಟಲು ನುಚ್ಚು, ಅಷ್ಟರ ಮೇಲೆಯೇ ದೇವಕ್ಕನ ಎದೆಯಲ್ಲಿ ಹಾಲು ನಿಂತಿತ್ತು.

ಎಂಟು ದಿನದ ಹಿಂದೆ ಹೊತ್ತು ಮುಳುಗುವಾಗ ಗೌಡನ ಆಳು ಸಾಬಣ್ಣ ಒಂದು ಚೀಲ ಹೆಗಲ ಮೇಲೆ ಹೊತ್ತು ಗುಡಿಸಲ ಮುಂದೆ ಬಂದು ನಿಂತ.

“ಮೋನಕ್ಕ, ನಿನ್ನ ಮನ್ಯಾಗ ಜೋಳ ಅದಂತಲ್ಲ. ಗೌಡ್ರು ಕೇಳಿ ಕಳಿಸ್ಯಾರ. ಅಳತಿಗೆ ಅಳತಿ ಅಕ್ಕಿ ತಂದೀನಿ ನೋಡು, ಸೋನಾ ಮಸೂರಿ.”

“ಅವರಿಗ್ಯಾಕೋ ಎಪ್ಪಾ ಜೋಳ? ನೆಲ್ಲಿನ ರಾಸಿ ಮ್ಯಾಲ ಮಕ್ಕೊಂಡಾರ.”

“ಅದೇ ಆಗಿ ಬಂದಿಲ್ಲಬೇ. ಸಕ್ರಿ ಜಡ್ಡು ಬಂದದ ಅವರಿಗೆ. ಶಹಾಪುರದ ಡಾಕ್ಟರ್ ಬೈದು ಕಳಿಸ್ಯಾನ. ಬಿಳಿ ಅನ್ನ, ಬ್ರೆಡ್ಡು ಮುಟ್ಟಬ್ಯಾಡ ಅಂದಾನ. ಅವು ಹೊಟ್ಟಿಗೆ ಬಿದ್ದಕೂಡ್ಲೆ ಫಟ್ ಅಂತ ಸಕ್ರಿ ಆಗಿ ರಗತಕ್ಕ ಹೋಗ್ತಾವಂತ, ಆಮ್ಯಾಲ ಸರ್ ಅಂತ ಇಳದು ಮತ್ತ ಹಸಿವು ಹಸಿವು ಅಂತದಂತ. ಜೋಳದ ರೊಟ್ಟಿ ಆದ್ರ ಹೊಟ್ಯಾಗ ಕುಂತು ನಿಧಾನ ಕರಗ್ತದಂತ.”

ಮೋನಮ್ಮ ಅವನ ಮುಖವನ್ನೇ ನೋಡಿದಳು. “ಇದು ಹೇಳಾಕ ಡಾಕ್ಟರ್ ಬೇಕಾತೇನಪ್ಪ? ನಮ್ಮ ಸುಂದ್ರಿನ್ನ ಕೇಳಿದ್ರ ಪುಗಸಟ್ಟಿ ಹೇಳ್ತಿದ್ಲು.”

ಸಾಬಣ್ಣ ನಗಲಿಲ್ಲ. ಅವನೂ ಗೌಡನ ಅನ್ನದವನೇ.

“ಸಾಬಣ್ಣ, ಇದು ಬಾಣಂತಿಗೆ ಇಟ್ಟಿದ್ದು. ಊರಾಗ ಬ್ಯಾರೆ ಎಲ್ಲೂ ಜೋಳ ಇಲ್ಲ. ಅವರು ಜೀಪಿನ್ಯಾಗ ಹೋಗಿ ತರಬೌದು, ನಾ ಎಲ್ಲಿಗೆ ಹೋಗ್ಲಿ?”

“ಪೇಟಿ ಜೋಳಕ್ಕ ಪುಡಿ ಹೊಡದಿರ್ತಾರಂತ, ಔಷಧದ್ದು. ನಿಂದು ಚೊಕ್ಕ ಅದ ಅಂತ ಗೌಡಶಾನಿ ಅಂದಾರ. ನೋಡಕ್ಕ, ನೀ ಎಲಿ ಹಿಡದೀದಿ. ಇನ್ನ ಅರ್ಧ ಹೊಲ ಹಚ್ಚೋದದ. ಬ್ಯಾಡ ಅಂದ್ರ ನಾಳೆ ದೋರನಹಳ್ಳಿ ಗುಂಪು ಕರಸ್ತೀನಿ ಅಂದಾರ. ಹನ್ನೊಂದು ಮಂದಿ ಹೊಟ್ಟಿಮ್ಯಾಲ ನೀ ಕಲ್ಲು ಹಾಕ್ತೀಯೇನು?”

ಕೇರಿಯ ಮನೆ ತುಳಿಯದ ಗೌಡನಿಗೆ ಕೇರಿಯ ಕಾಳಿಗೆ ಮೈಲಿಗೆ ಇರಲಿಲ್ಲ. ಸಾಬಣ್ಣ ಅಕ್ಕಿ ಸುರುವಿ, ಗಡಿಗೆಯ ಜೋಳ ಚೀಲಕ್ಕೆ ತುಂಬಿಕೊಂಡು ಹೊತ್ತು ಹೋದ. ಗಡಿಗೆಯ ತಳದಲ್ಲಿ ಉಳಿದ ಕಾಳನ್ನು ದೇವಕ್ಕ ಬೆರಳಿನಿಂದ ಗೋರಿ ಗೋರಿ ತೆಗೆದಳು. ಒಂದು ರೊಟ್ಟಿಗಾಯಿತು.

ಅಂದಿನಿಂದ ಮುಂಜಾನೆ ಅನ್ನ, ಮಧ್ಯಾಹ್ನ ಬ್ರೆಡ್ಡು, ರಾತ್ರಿ ಅನ್ನ. ಮೂರನೆಯ ದಿನ ಹಾಲು ತೆಳುವಾಯಿತು. ಐದನೆಯ ದಿನ ಕೂಸು ಎದೆ ಬಿಟ್ಟು ಬಿಟ್ಟು ಚೀರತೊಡಗಿತು. ಮೋನಮ್ಮ ಸಕ್ಕರೆ ನೀರಿನಲ್ಲಿ ಅರಿವೆಯ ತುದಿ ಅದ್ದಿ ಅದರ ಬಾಯಿಗಿಟ್ಟಳು. ಗುಂಪಿನ ಶರೀಫಾಬೀ ತನ್ನ ಆಡಿನ ಹಾಲು ಎರಡು ದಿನ ತಂದುಕೊಟ್ಟಳು. ಆಮೇಲೆ ಆಡೂ ಬತ್ತಿತು. “ಈಕಿಗೆ ಗಟ್ಟಿ ಏನರ ತಿನಿಸು ಮೋನಕ್ಕ,” ಎಂದು ಅವಳು ಕಣ್ಣೀರು ಒರೆಸಿಕೊಂಡಿದ್ದಳು. “ಕೂಸಿನ ತಲಿ ನೆತ್ತಿ ಕುಸದದ, ಕೈ ಇಟ್ಟು ನೋಡು.”

ಮೋನಮ್ಮ ಕೈಯಿಟ್ಟು ನೋಡಿದ್ದಳು. ಹೌದು, ಕುಸಿದಿತ್ತು.

ಕುರಿ ಈದಂಗ ಎಂದು ಗೌಡ ಬೈದ ಮರುದಿನ, ಕಾಲುವೆಯ ಪಕ್ಕದ ದೊಡ್ಡ ಮಡಿ. ಕಿತ್ತ ಸಸಿಯ ಕಟ್ಟುಗಳು ಬದುವಿನ ತುಂಬ ಬಿದ್ದಿದ್ದವು. ಬಿಸಿಲು ಕೆಂಡವಾಗಿತ್ತು. ಗೌಡ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕುಳಿತು, ಸಕ್ಕರೆ ಇಳಿಸುವ ಗುಳಿಗೆ ನುಂಗಿ, ನೀರು ಕುಡಿದು, ಡಬ್ಬಿಯ ಮುಚ್ಚಳ ತೆರೆದ. ಸಾಬಣ್ಣ ಎಂದಿನಂತೆ ಬದುವಿನ ಮೇಲೆ ನಡೆಯುತ್ತ, ಒಡ್ಡಿದ ಸೆರಗುಗಳಿಗೆ ಮೇಲಿನಿಂದ ಬ್ರೆಡ್ಡು ಉದುರಿಸಿದ. ಆಮೇಲೆ ತೂಬಿನಲ್ಲಿ ನೀರು ತಿರುವಲು ಹೊರಟುಹೋದ.

ದೇವಕ್ಕ ಸೆರಗು ಒಡ್ಡಲಿಲ್ಲ. ಎದ್ದು ನಿಂತವಳು ಹಾಗೇ ಮುಖ ಅಡಿಯಾಗಿ ಕೆಸರಿಗೆ ಬಿದ್ದಳು.

“ನಾಟಕ ನೋಡ್ರಿ ನಾಟಕ!” ಗೌಡ ಅಲ್ಲಿಂದಲೇ ಕೂಗಿದ. “ಉಣ್ಣೋ ಹೊತ್ತಿಗೆ ಬೀಳ್ತಾಳ, ಎದ್ದು ದುಡಿಬೇಕಲ್ಲ ಅಂತ! ಬಾಯಾಗ ಒಂದು ಬ್ರೆಡ್ಡು ತುರಕ್ರಿ, ಏಳ್ತಾಳ.”

ಮೋನಮ್ಮ, ಸುಂದ್ರಮ್ಮ ಕೂಡಿ ಅವಳನ್ನು ಬದುವಿಗೆ ಎಳೆದು ತಂದರು. ಮೂಗು ಬಾಯಿಯ ಕೆಸರು ತೆಗೆದರು. ದೇವಕ್ಕನ ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಜೋಳಿಗೆಯಲ್ಲಿ ಕೂಸಿನ ದನಿಯೂ ಇರಲಿಲ್ಲ. ಆಗ ಗಾಳಿಯಲ್ಲಿ ಒಂದು ವಾಸನೆ ಬಂತು. ಹಂಚಿನ ಮೇಲೆ ಉಬ್ಬಿ ಸುಟ್ಟ ಬಿಳಿಜೋಳದ ವಾಸನೆ. ದಿಬ್ಬದ ಹೊಲದ ವಾಸನೆ.

ಮೋನಮ್ಮ ಎದ್ದಳು. ಕೆಸರುಗಾಲಲ್ಲಿ ನಡೆದು ಹೋಗಿ ಕಂಬಳಿಯ ಮೇಲೆ ಕಾಲಿಟ್ಟಳು. ಬಗ್ಗಿ, ಗೌಡನ ಡಬ್ಬಿಯಲ್ಲಿದ್ದ ನಾಲ್ಕು ರೊಟ್ಟಿಯನ್ನೂ ತೆಗೆದುಕೊಂಡಳು.

ಗೌಡ ಕೊಡೆಗೆ ಕೈ ಹಾಕಿದ. “ಮುಟ್ಟಿದ್ಯಲ್ಲಲೇ... ನನ್ನ ಡಬ್ಬಿ ಮುಟ್ಟಿದ್ಯಲ್ಲಲೇ ಬೋಸುಡಿ!”

“ಬಿತ್ತಿದಾಕಿ ನಾ. ಕಳೆ ತಗದಾಕಿ ನಾ. ಕೊಯ್ದಾಕಿ ನಾ. ಎಲ್ಲಾ ಮುಟ್ಟೀನ್ರಿ. ಇವತ್ತೊಂದಿನ ಯಾಕ ಮೈಲಿಗಿ?”

ಕೊಡೆಯ ಹಿಡಿ ಅವಳ ಹೆಗಲಿಗೆ ಬಿತ್ತು. ಅವಳು ತಿರುಗಲಿಲ್ಲ. ಒಂದು ರೊಟ್ಟಿ ಮುರಿದು, ನೀರಲ್ಲಿ ನೆನೆಸಿ, ದೇವಕ್ಕನ ಬಾಯಿಗಿಟ್ಟಳು. ಉಳಿದ ಮೂರನ್ನು ಸುಂದ್ರಮ್ಮನ ಉಡಿಗೆ ಹಾಕಿ, “ಎಲ್ರಿಗೂ ಕೊಡು, ತುಣುಕು ಸಣ್ಣವಾದ್ರೂ ಆಗ್ಲಿ,” ಅಂದಳು.

“ಸಾಬ್ಯಾ! ಏ ಸಾಬ್ಯಾ!” ಗೌಡ ಒದರಿದ. ತೂಬಿನ ನೀರಿನ ಸದ್ದಿನಲ್ಲಿ ಸಾಬಣ್ಣನಿಗೆ ಕೇಳಿಸಲಿಲ್ಲ. ಗೌಡ ಎದ್ದು ನಾಲ್ಕು ಹೆಜ್ಜೆ ಹಾಕಿ ನಿಂತ. ಹೊಟ್ಟೆಯಲ್ಲಿ ಗುಳಿಗೆ ತನ್ನ ಕೆಲಸ ಶುರುಮಾಡಿತ್ತು, ಉಣ್ಣಲು ಏನೂ ಇರಲಿಲ್ಲ. ಹೊತ್ತು ಸರಿಯಿತು. ಬೈಗುಳ ಸಣ್ಣದಾಯಿತು. ಹಣೆಯಲ್ಲಿ ಬೆವರು ಕಿತ್ತುಬಂತು. ಮರಕ್ಕೆ ಆತು ಕುಸಿದು ಕುಳಿತ. ಕೈಬೆರಳು ಸಣ್ಣಗೆ ನಡುಗುತ್ತಿದ್ದವು.

ಆ ನಡುಕ ಮೋನಮ್ಮನಿಗೆ ಗುರುತಿತ್ತು. ದಿನಾ ಮೂರು ಗಂಟೆಗೆ ಅದನ್ನು ತನ್ನ ಕೈಯಲ್ಲೇ ನೋಡುತ್ತಿದ್ದಳು.

“ಸಾಯ್ತಾನಬೇ,” ಅಂದಳು ಸುಂದ್ರಮ್ಮ, ಈ ಸಲ ತಮಾಷೆ ಇರಲಿಲ್ಲ.

“ಸಾಯಾಕ ಬಿಡಂಗಿಲ್ಲ.” ಮೋನಮ್ಮ ತನ್ನ ಪಾಲಿನ ಆರು ತುಣುಕು ಬ್ರೆಡ್ಡು ಸೆರಗಿನಿಂದ ತೆಗೆದಳು. ಗೌಡನ ಮುಂದೆ ಹೋಗಿ ನಿಂತಳು. “ಧೋತರ ಒಡ್ರಿ ಗೌಡ್ರ.”

ಗೌಡ ಅವಳನ್ನು ನೋಡಿದ. ಸುತ್ತ ಯಾರಾದರೂ ಊರವರು ಇದ್ದಾರೋ ಎಂದು ನೋಡಿದ. ಆಮೇಲೆ ನಡುಗುವ ಎರಡೂ ಕೈಯಲ್ಲಿ ಧೋತರದ ಚುಂಗು ಹಿಡಿದ. ಮೋನಮ್ಮ ಮೇಲಿನಿಂದ ಒಂದೊಂದೇ ತುಣುಕು ಉದುರಿಸಿದಳು. ಅವನು ಅಗಿಯದೆ ನುಂಗಿದ.

ಸ್ವಲ್ಪ ಹೊತ್ತಿಗೆ ಅವನ ಕಣ್ಣಿಗೆ ಬೆಳಕು ಬಂತು, ದನಿಯೂ ಬಂತು. “ಸಸಿ ಒಣಗಾಕತ್ತದ. ಇಳೀರಿ ಮಡಿಗೆ. ನಿಮ್ಮದು ಆಮ್ಯಾಲ ನೋಡ್ಕೋತೀನಿ.”

ಮೋನಮ್ಮ ಸೊಂಟದ ಗಂಟು ಬಿಚ್ಚಿದಳು. ಒಣಗಿ ಕಂದಾದ ಎಲೆ, ಒಂದು ಅಡಿಕೆ ಹೋಳು. ಅವನ್ನು ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಮುಚ್ಚಿದಳು.

“ಏಳಬ್ಯಾಡ್ರಿ, ಕುಂದರ್ರಿ ಗೌಡ್ರ. ಈಗ ತಿಂದದ್ದು ಎಷ್ಟೊತ್ತು ತಡೀತದ, ನೀವೂ ನೋಡ್ರಿ. ಎರಡು ತಾಸು. ಅಲ್ಲಿತನಕ ನಾವೂ ಕುಂದರ್ತೀವಿ. ಆಮ್ಯಾಲ ಮಡಿಗೆ ಇಳಿಯೋದು ಯಾರಂತ ಮಾತಾಡೂಣು.”

ಹನ್ನೊಂದು ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತರು. ಅವರ ಕಾಲ ಬುಡದಲ್ಲಿ ಸಸಿಯ ತುದಿಗಳು ಬಾಡಿ ಬಾಗುತ್ತಿದ್ದವು. ತೂಬಿನ ಕಡೆಯಿಂದ ಸಾಬಣ್ಣ ಬಂದ, ಗೌಡನನ್ನು ನೋಡಿದ, ಹೆಂಗಸರನ್ನು ನೋಡಿದ, ಸಲಿಕೆ ಅಲ್ಲೇ ಬಿಟ್ಟು ಊರ ಕಡೆ ಓಡಿದ. ಬಹಳ ಹೊತ್ತಾಗಲಿಲ್ಲ, ಕಾಲುವೆಯ ಏರಿಯ ಮೇಲೆ ಗೌಡನ ಜೀಪಿನ ಸದ್ದು ಕೇಳಿಸಿತು. ಹಿಂದೆ ಇನ್ನೆರಡು ಮೋಟರ್ ಸೈಕಲ್ಲು.

“ಬಂದ್ರು,” ಅಂದಳು ಶರೀಫಾಬೀ.

ಮೋನಮ್ಮ ಆ ಕಡೆ ನೋಡಲಿಲ್ಲ. ದೇವಕ್ಕ ಅವಳ ತೊಡೆಗೊರಗಿ ರೊಟ್ಟಿಯನ್ನು ನಿಧಾನ ಅಗಿಯುತ್ತಿದ್ದಳು. ಕೂಸನ್ನು ಎದೆಗೆ ಹಚ್ಚಿದ್ದರು. ಅದರ ತುಟಿ ಮೆಲ್ಲಗೆ ಅಲುಗುತ್ತಿತ್ತು. ಮೋನಮ್ಮ ಬಗ್ಗಿ ಅದರ ಗಂಟಲನ್ನೇ ನೋಡುತ್ತ ಕುಳಿತಳು, ಒಂದು ಗುಟುಕಾದರೂ ಇಳಿಯುತ್ತದೋ ಎಂದು.