ಒತ್ತಿ ಹಿಡಿದರೆ ಮಾತು ಬದಲಾಗುತ್ತದೆ

ಮಾರತ್ತಹಳ್ಳಿಯ ನಮ್ಮ ಮೊಬೈಲ್ ಅಂಗಡಿಗೆ ಬರುವವರಲ್ಲಿ ಅರ್ಧ ಜನಕ್ಕೆ ರಿಪೇರಿಯೇ ಬೇಕಾಗಿರುವುದಿಲ್ಲ. ಸೈಲೆಂಟಿನಲ್ಲಿಟ್ಟು ಮರೆತು, ಫೋನು ಕೆಟ್ಟಿದೆ ಎಂದು ಬರುತ್ತಾರೆ. ಟಾರ್ಚು ಆರಿಸಲು ಬಾರದೆ ಜೇಬಿನಲ್ಲಿ ಬೆಳಕು ಹೊತ್ತುಕೊಂಡು ಬರುತ್ತಾರೆ. ಸ್ಕ್ರೀನು ಅಡ್ಡ ತಿರುಗಿಕೊಂಡಿದೆ ಎಂದು ತಾವೂ ಕತ್ತು ವಾಲಿಸಿಕೊಂಡು ಬಂದವರನ್ನು ನೋಡಿದ್ದೇನೆ. ನಾನು ಮೇಲಿಂದ ಕೆಳಗೆ ಒಮ್ಮೆ ಬೆರಳೆಳೆದು ಸರಿಮಾಡಿ ಕೊಟ್ಟರೆ, ಏನೋ ದೊಡ್ಡ ವಿದ್ಯೆ ಕಲಿತವಳು ಎನ್ನುವ ಹಾಗೆ ನೋಡುತ್ತಾರೆ. ಇದರಲ್ಲಿ ವಿದ್ಯೆ ಏನೂ ಇಲ್ಲ. ಎಲ್ಲಿ ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು, ಅಷ್ಟು ಗೊತ್ತಿದ್ದರೆ ಸಾಕು.

ಹಾಗಾಗಿ ಭಾವನಿಗೆ ಲಕ್ವ ಹೊಡೆದು ಮಾತು ಹೋದಾಗ, ಅವರಿಗೊಂದು ಟ್ಯಾಬ್ ಹೊಂದಿಸಿಕೊಡುವ ಕೆಲಸ ನನ್ನ ಪಾಲಿಗೇ ಬಂತು.

ಭಾವ ಎಂದರೆ ಪಿಳ್ಳಪ್ಪ, ನಮ್ಮ ಶಾಂತಕ್ಕನ ಗಂಡ. ಗರುಡಾಚಾರ್‌ಪಾಳ್ಯದಲ್ಲಿ ತಗಡು ಬಡಿಯುವ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಮಷೀನುಗಳ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಬೆಳೆಸಿಕೊಂಡಿದ್ದರು, ಮನೆಗೆ ಬಂದ ಮೇಲೂ ಅದನ್ನು ತಗ್ಗಿಸುತ್ತಿರಲಿಲ್ಲ. ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ನಾವು ಹೋಗಿ ಜಗಳವನ್ನಾದರೂ ಆಡಬಹುದಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ, ಗೇಟಿನ ಚಿಲಕ ಹಾಕುವುದು ಮರೆತರೆ, ಅಕ್ಕನನ್ನು ಬಾಗಿಲಲ್ಲಿ ನಿಲ್ಲಿಸಿ “ತಪ್ಪಾಯ್ತು, ಇನ್ಮೇಲೆ ಹಿಂಗ್ ಮಾಡಲ್ಲ” ಎಂದು ಹೇಳಿಸುತ್ತಿದ್ದರು. ಬೀದಿಗೆ ಕೇಳುವ ಹಾಗೆ ಹೇಳಬೇಕು. ಮೆತ್ತಗೆ ಹೇಳಿದರೆ, ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸುತ್ತಿದ್ದರು. ಆಗ ಎದುರು ಮನೆಯವರು ಟಿವಿ ಸದ್ದು ಕಡಿಮೆ ಮಾಡುತ್ತಿದ್ದರು. ಆ ಬೀದಿಯವರು ಅಷ್ಟು ಒಳ್ಳೆಯ ಜನ.

ಅಂಥ ಬಾಯಿ ಒಂದು ಬೆಳಗ್ಗೆ ಬಚ್ಚಲುಮನೆಯಲ್ಲಿ ಬಿದ್ದು ನಿಂತುಹೋಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಜೊತೆಗೆ ಮಾತೂ ಹೋಯಿತು. ನಾವು ಆಡಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಿರುಗಿ ಹೇಳಲು ಆಗುತ್ತಿರಲಿಲ್ಲ, ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರಗಳೂ ಒಲಿಯುತ್ತಿರಲಿಲ್ಲ. ಇಷ್ಟು ತಿಂಗಳಲ್ಲಿ ಬರದ ಮಾತು ಇನ್ನು ಬರುವುದಿಲ್ಲ ಎಂದು ಇಂದಿರಾನಗರದ ಡಾಕ್ಟರು ಹೇಳಿದಾಗ ನಾನು ಅಕ್ಕನ ಮುಖ ನೋಡಿದೆ.

“ಒಂದೇ ಒಂದು ಮಾತೂ ಆಡೋಕಾಗಲ್ವಾ ಸಾರ್?” ಎಂದಳು ಅಕ್ಕ. “ಒಂದೇ ಒಂದು?”

ಡಾಕ್ಟರಿಗೆ ಅವಳ ಮೇಲೆ ಕನಿಕರ ಬಂತು. ಅವಳು ಕೇಳುತ್ತಿದ್ದ ಒಂದು ಮಾತು ಯಾವುದು ಎಂದು ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ತಾನು ಹೇಳಿಕೊಂಡು ಬಂದದ್ದನ್ನು ಒಂದು ಸಲ ಗಂಡನೂ ಹೇಳಬೇಕು, ಅದೂ ಆ ಬೀದಿಗೆ ಕೇಳುವ ಹಾಗೆ. ಅವಳ ಆಸೆ ಅಷ್ಟೇ. ಅವರು ಎಂದಾದರೂ ಮುದುಕರಾಗುತ್ತಾರೆ, ಮೆತ್ತಗಾಗುತ್ತಾರೆ, ಆಗ ಹೇಳುತ್ತಾರೆ ಎಂದು ಕಾದುಕೊಂಡಿದ್ದಳು. ಗಂಡ ಬಿದ್ದ ಸಂಕಟಕ್ಕಿಂತ ಆ ಮಾತು ಕೈತಪ್ಪಿದ ಸಂಕಟವೇ ಅವಳಿಗೆ ದೊಡ್ಡದಾಗಿತ್ತು. ಅದನ್ನು ನಾನು ತಪ್ಪು ಅನ್ನುವುದಿಲ್ಲ.

ಆಸ್ಪತ್ರೆಯಲ್ಲಿ ಮಾತಿನ ಥೆರಪಿ ಮಾಡುವ ಅಲಿಯಾ ಎನ್ನುವವರು ನಮಗೊಂದು ಆ್ಯಪ್ ತೋರಿಸಿದರು. ಪರದೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಲೋಟದ ಚಿತ್ರ ಮುಟ್ಟಿದರೆ “ನೀರು ಬೇಕು” ಎಂದು ಟ್ಯಾಬ್ ಹೇಳುತ್ತದೆ, ತಟ್ಟೆಯ ಚಿತ್ರ ಮುಟ್ಟಿದರೆ ಊಟ ಕೇಳುತ್ತದೆ. ಆದರೆ ಆ ಮಷೀನಿನ ಕನ್ನಡ ವಿಚಿತ್ರವಾಗಿತ್ತು. ಬಾತ್‌ರೂಮಿಗೆ ಹೋಗಬೇಕು ಎನ್ನುವುದನ್ನು ಮೆಟ್ರೋ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಹೇಳುತ್ತಿತ್ತು.

“ಮನೆಯವರೇ ರೆಕಾರ್ಡ್ ಮಾಡ್ಕೋಬಹುದು,” ಎಂದರು ಅಲಿಯಾ. “ಗಂಡಸರ ವಾಯ್ಸ್ ಆದ್ರೆ ಒಳ್ಳೇದು. ಅವರಿಗೆ ತಾವೇ ಮಾತಾಡ್ತಿರೋ ಹಾಗೆ ಅನ್ಸುತ್ತೆ.”

ನನ್ನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುವ ಉಮೈರ್ ಒಳ್ಳೆಯ ಕನ್ನಡ ಮಾತಾಡುತ್ತಾನೆ, ಅವನ ಹತ್ತಿರ ಹೇಳಿಸೋಣ ಎಂದೆ. ಅಕ್ಕ ಒಪ್ಪಲಿಲ್ಲ.

“ಹೊರಗಿನವ್ರು ಯಾಕೆ? ನಾನೇ ಹೇಳ್ತೀನಿ,” ಎಂದಳು. “ಆ ಮನೇಲಿ ನಾನೂ ಸ್ವಲ್ಪ ಮಾತಾಡ್ಬೇಡ್ವಾ?”

ಭಾವನ ಮಂಚದ ಪಕ್ಕ ಕೂತು ಎಲ್ಲ ಹೊಂದಿಸಿಕೊಟ್ಟೆ. ಮಲಗಿಕೊಂಡು ನೋಡುವವರಿಗೆ ಪರದೆ ತಿರುತಿರುಗಿ ತಲೆ ಕೆಡುತ್ತದೆ, ಅದಕ್ಕೆ ಆಟೋ ರೊಟೇಟ್ ಆಫ್ ಮಾಡಿದೆ. ಬೇಗ ಆರಿಹೋಗದ ಹಾಗೆ ಸ್ಕ್ರೀನ್ ಟೈಮ್‌ಔಟ್ ಜಾಸ್ತಿ ಮಾಡಿದೆ. ಎಡಗೈ ತಪ್ಪಿ ತಗುಲಿ ಬೇರೆಲ್ಲಿಗೋ ಹೋಗಬಾರದೆಂದು ಆ ಆ್ಯಪನ್ನೇ ಪಿನ್ ಮಾಡಿಟ್ಟೆ. ಹೀಗೆ ಮಾಡಿದರೆ ಹೊರಗೆ ಬರಲು ನಂಬರು ಬೇಕು, ಮನೆಯಲ್ಲಿ ಮಕ್ಕಳಿರುವವರಿಗೂ ಇದನ್ನೇ ಹೇಳುತ್ತೇನೆ. ಬಿದ್ದರೂ ಒಡೆಯದ ದಪ್ಪ ರಬ್ಬರಿನ ಕವರ್ ಹಾಕಿದೆ. ಅಕ್ಕ ಒಂದೊಂದೇ ಚಿತ್ರಕ್ಕೆ ತನ್ನ ದನಿ ತುಂಬಿದಳು. ನೀರು ಬೇಕು, ಕಾಫಿ ಬೇಕು, ಫ್ಯಾನ್ ಹಾಕು. ನಾನು ಹೊರಡುವಾಗ ಗೇಟಿನವರೆಗೂ ಬಂದು, “ಇದರಲ್ಲಿರೋ ಮಾತು ಬದಲಾಯಿಸ್ಬೇಕು ಅಂದ್ರೆ ಏನ್ ಮಾಡ್ಬೇಕು?” ಎಂದು ಕೇಳಿದಳು.

“ಚಿತ್ರಾನ ಒತ್ತಿ ಹಿಡ್ಕೋ. ಮೈಕ್ ಬರುತ್ತೆ. ಹೇಳು, ಕೈ ಬಿಡು. ಅಷ್ಟೇ.”

ಮತ್ತೆ ಅಲ್ಲಿಗೆ ಹೋದಾಗ ಅಕ್ಕ ಅಡುಗೆಮನೆಯಲ್ಲಿದ್ದಳು. ಭಾವ ನನ್ನನ್ನು ನೋಡಿ ಕಣ್ಣು ತಿರುಗಿಸಿಕೊಂಡರು. ಕೊನೆಗೆ ತಡೆಯಲಾರದೆ ಎಡಗೈ ಚಾಚಿ ಲೋಟದ ಚಿತ್ರ ಮುಟ್ಟಿದರು.

“ತಪ್ಪಾಯ್ತು, ಇನ್ಮೇಲೆ ಹಿಂಗ್ ಮಾಡಲ್ಲ. ನೀರು,” ಎಂದಿತು ಟ್ಯಾಬ್.

“ಏನ್ರೀ? ಕೇಳಿಸ್ಲಿಲ್ಲ,” ಎಂದಳು ಅಕ್ಕ ಒಳಗಿನಿಂದ.

ಭಾವ ಮತ್ತೆ ಮುಟ್ಟಿದರು. ಅಕ್ಕನಿಗೆ ಆಗಲೂ ಕೇಳಿಸಲಿಲ್ಲ. ಮೂರನೆಯ ಸಲಕ್ಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನೀರು ತಂದಳು. ಬಹಳ ಮರ್ಯಾದೆಯಿಂದ, ತಲೆ ಹಿಡಿದು ಕುಡಿಸಿದಳು. ನಾನು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಎಲ್ಲ ಚಿತ್ರಕ್ಕೂ ಅಕ್ಕ ಅದೇ ಮಾತನ್ನು ಜೋಡಿಸಿದ್ದಳು. ತಪ್ಪಾಯ್ತು ಎನ್ನದೆ ಕಾಫಿ ಇಲ್ಲ, ಫ್ಯಾನಿಲ್ಲ, ನೋವಿನ ಮಾತ್ರೆಯೂ ಇಲ್ಲ. ಮೊದಲ ಸಲ ಕೇಳಿದಾಗ ಭಾವ ಟ್ಯಾಬನ್ನು ಮಂಚದಿಂದ ಕೆಳಕ್ಕೆ ತಳ್ಳಿದರಂತೆ. ಸಂಜೆಯವರೆಗೂ ಮುಟ್ಟಲಿಲ್ಲವಂತೆ, ತುಟಿ ಒಣಗಿ ಬಿಳಿಚಿಕೊಂಡರೂ ಮುಟ್ಟಲಿಲ್ಲ. ಬಾತ್‌ರೂಮಿನ ಚಿತ್ರವನ್ನೂ ಮುಟ್ಟದೆ ಹಾಸಿಗೆಯಲ್ಲೇ ಮಾಡಿಕೊಂಡರು. ಅಕ್ಕ ದುಪ್ಪಟಿ ಬದಲಿಸಿ, ಮೈ ಒರೆಸಿ, ಟ್ಯಾಬನ್ನು ಮತ್ತೆ ತೊಡೆಯ ಮೇಲಿಟ್ಟಳು.

“ಮಾರನೇ ದಿನ ಮುಟ್ಟಿದ್ರು,” ಎಂದಳು, ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಹೇಳುವ ಹಾಗೆ. ಆಮೇಲೆ ಮುಖ ಸಪ್ಪೆ ಮಾಡಿಕೊಂಡಳು. “ಆದ್ರೆ ಪ್ರಿಯಾ, ಸೌಂಡೇ ಸಾಲಲ್ಲ ಕಣೇ. ಹೊರಗಡೆ ಯಾರಿಗೂ ಕೇಳಲ್ಲ.”

ಅದಕ್ಕೇನಂತೆ, ಬ್ಲೂಟೂತ್ ಸ್ಪೀಕರ್ ತಂದುಕೊಟ್ಟೆ. ಒಂದು ಸಲ ಜೋಡಿಸಿದರೆ ಆಮೇಲೆ ಆನ್ ಮಾಡಿದಾಗಲೆಲ್ಲ ತಾನೇ ಕೂಡಿಕೊಳ್ಳುತ್ತದೆ, ಹತ್ತಿರ ಇಟ್ಟರೆ ತಡವರಿಸುವುದಿಲ್ಲ. ಬೀದಿಯ ಕಡೆಯ ಕಿಟಕಿಯ ಸರಳಿಗೆ ಅದನ್ನು ತಂತಿ ಹಾಕಿ ಬಿಗಿದದ್ದೂ ನಾನೇ.

ಆಮೇಲಿನ ದಿನಗಳಲ್ಲಿ ಅಕ್ಕ ಬೇರೆಯೇ ಹೆಂಗಸಾದಳು. ಫೋನಿನಲ್ಲಿ ನಗುತ್ತಿದ್ದಳು. ಬೆಳಗ್ಗೆ ಮುಡಿಯಲು ಹೂವು ತರಿಸಿಕೊಳ್ಳುತ್ತಿದ್ದಳು, ಗೇಟಿನ ಹತ್ತಿರ ನಿಂತು ಬೀದಿ ನೋಡುತ್ತಿದ್ದಳು. ಮೊದಲು ಹಾಗೆ ನಿಂತಿದ್ದನ್ನು ನಾನು ನೋಡಿರಲಿಲ್ಲ.

“ತರಕಾರಿ ಗಾಡಿ ಹತ್ರ ಎಲ್ಲರೂ ನನ್ನ ಒಂಥರಾ ನೋಡ್ತಾರೆ ಕಣೇ,” ಎಂದಳು ಒಮ್ಮೆ. “ಮಾತು ನಿಲ್ಲಿಸ್ಬಿಡ್ತಾರೆ. ಮುಂದೆ ಹೋಗಮ್ಮ, ನೀನು ಮೊದಲು ತಗೋ ಅಂತಾರೆ. ಎಲ್ಲಾ ಗೊತ್ತಾಗಿದೆ ಅವ್ರಿಗೆ.”

ಮರ್ಯಾದೆ ಸಿಕ್ಕಿತು ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

ಒಂದು ಭಾನುವಾರ ನಾನಿದ್ದಾಗಲೇ ಅಂಬಣ್ಣ ಬಂದರು. ಬೀದಿಯ ಕೊನೆಯ ಮನೆಯವರು, ವಯಸ್ಸಾದವರು, ಅಲ್ಲಿಯ ಜಗಳ ನ್ಯಾಯಗಳಿಗೆಲ್ಲ ಅವರೇ ಹಿರಿಯರು. ಭಾವನಿಗೆಂದು ಎಳನೀರು ಕೊಚ್ಚಿಸಿಕೊಂಡು ತಂದಿದ್ದರು. ತಾವೇ ಸ್ಟ್ರಾ ಹಿಡಿದು ಕುಡಿಸಿದರು, ಕುರ್ಚಿ ಎಳೆದುಕೊಂಡು ಕೂತರು.

“ಏನಪ್ಪಾ ಪಿಳ್ಳಪ್ಪ, ಬಾಯಿ ಬಿದ್ದೋದ್ರೂ ಮನೇನ ಹತೋಟಿಲೇ ಮಡಗಿದ್ದೀಯ,” ಎಂದು ಭಾವನ ಭುಜ ತಟ್ಟಿದರು. ಆಮೇಲೆ ಅಕ್ಕನ ಕಡೆ ತಿರುಗಿದರು. “ನಿನ್ನ ಮೆಚ್ಬೇಕು ಕಣಮ್ಮ ಶಾಂತಾ. ಗಂಡ ಹಾಸ್ಗೆ ಹಿಡಿದ್ರೂ ಅದೇ ಭಯ ಭಕ್ತಿ. ದಿನಾ ನಮ್ಮನೆಗಂಟ ಕೇಳ್ತದೆ, ತಪ್ಪಾಯ್ತು ತಪ್ಪಾಯ್ತು ಅಂತಿರ್ತೀಯ. ನಮ್ ಸೊಸೇರಿಗೂ ಹೇಳ್ದೆ, ನೋಡಿ ಕಲ್ತ್ಕೊಳಿ ಅಂತ.”

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ನಗುತ್ತಲೇ ಇದ್ದಳು. “ಅಯ್ಯೋ, ಅದು ನಾನಲ್ಲ ಅಣ್ಣ. ಇವ್ರು. ಇವ್ರು ಹೇಳೋದು ಅದನ್ನ,” ಎಂದಳು.

“ನಿನ್ ಗಂಟ್ಲು ನಂಗ್ ಗೊತ್ತಿಲ್ವೇನಮ್ಮ? ನೀನು ಈ ಬೀದಿಗೆ ಕಾಲಿಟ್ಟಾಗಿಂದ ಅದೇ ಮಾತು ಕೇಳ್ತಾ ಇವ್ನಿ.”

ನಾನು ಭಾವನ ಕಡೆ ನೋಡಿದೆ. ನಮ್ಮಿಬ್ಬರಿಗಿಂತ ಮೊದಲು ಅವರಿಗೆ ಅರ್ಥವಾಗಿತ್ತು. ಮುಖದ ಎಡಭಾಗ ನಿಧಾನವಾಗಿ ಮೇಲೆದ್ದಿತು, ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಎಳನೀರು ಕುಡಿದಿದ್ದರು, ಬಾಯಾರಿಕೆ ಇರಲಿಲ್ಲ. ಆದರೂ ಕೈ ಚಾಚಿ ಲೋಟದ ಚಿತ್ರ ಮುಟ್ಟಿದರು. ಕಿಟಕಿಯಲ್ಲಿದ್ದ ಸ್ಪೀಕರಿನಿಂದ ಅಕ್ಕನ ದನಿ ಬೀದಿಗೆಲ್ಲ ಕೇಳುವ ಹಾಗೆ ತಪ್ಪೊಪ್ಪಿಕೊಂಡಿತು. ಅಕ್ಕನ ಬಾಯಿ ಮುಚ್ಚಿಯೇ ಇತ್ತು.

ಅಂಬಣ್ಣ ಅವಳ ಬಾಯಿ ನೋಡಿದರು, ಕಿಟಕಿ ನೋಡಿದರು, ಭಾವನ ತೊಡೆಯ ಮೇಲಿನ ಟ್ಯಾಬ್ ನೋಡಿದರು. ಅವರಿಗೂ ತಿಳಿಯಿತು, ಅವರಿಗೆ ತಿಳಿಯುವ ರೀತಿಯಲ್ಲಿ.

“ಓಹೋ, ಮಾತ್ನ ಇದ್ರೊಳಗೆ ತುಂಬಿಸ್ಕೊಟ್ಟಿದೀಯಾ? ನೀನು ಕೆಲ್ಸದಲ್ಲಿದ್ರೂ ಅವ್ನು ಬೇಕಾದಾಗ ಕೇಳ್ಕೊಬೋದು,” ಎಂದು ತಲೆದೂಗಿದರು. “ಇಂಥ ಹೆಂಗಸ್ರು ಈಗೆಲ್ಲವ್ರೆ ಪಿಳ್ಳಪ್ಪ. ಪುಣ್ಯ ಮಾಡಿದ್ದೆ ನೀನು.”

ಭಾವ ಮತ್ತೆ ಮುಟ್ಟಿದರು. ಅಂಬಣ್ಣ ಹೋದ ಮೇಲೂ ಮುಟ್ಟಿದರು. ತಟ್ಟೆ, ಫ್ಯಾನು, ಬಾತ್‌ರೂಮು, ಕೈಗೆ ಸಿಕ್ಕಿದ್ದೆಲ್ಲ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ತನ್ನ ದನಿ ಕೇಳಿದಾಗಲೆಲ್ಲ ಅವಳ ತಲೆ ತಾನಾಗಿಯೇ ಬಗ್ಗುತ್ತಿತ್ತು. ಅದನ್ನು ನೋಡಲಾಗದೆ ನಾನು ಟ್ಯಾಬ್ ಕಿತ್ತುಕೊಳ್ಳಲು ಹೋದೆ. ಒಂದು ಕಾಲಕ್ಕೆ ಅದನ್ನು ನೆಲಕ್ಕೆ ತಳ್ಳಿದ್ದ ಮನುಷ್ಯ ಈಗ ಎದೆಗೆ ಅವಚಿಕೊಂಡರು.

“ಎಲ್ಲಾ ಅಳಿಸಿ ಉಮೈರ್ ವಾಯ್ಸಲ್ಲಿ ಹಾಕೋಣ ಅಕ್ಕ,” ಎಂದೆ. “ಗಂಡಸಿನ ದನಿ ಕೇಳಿದ್ರೆ ಬೀದಿಯವ್ರಿಗೆ ಗೊತ್ತಾಗುತ್ತೆ.”

“ಆಗ ಉಮೈರ್ ಹೇಳ್ದಂಗಾಗುತ್ತೆ,” ಎಂದಳು ಅಕ್ಕ.

ಮಂಚದ ಹತ್ತಿರ ಬಂದು ಭಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಸರವಿಲ್ಲದೆ, ಮಲಗಿದ ಮಗುವಿನ ಕೈಯಿಂದ ಏನನ್ನೋ ತೆಗೆಯುವವಳ ಹಾಗೆ ಬಿಡಿಸಿದಳು. ಟ್ಯಾಬ್ ಆರಿಸಿ ಬೀರುವಿನ ಮೇಲಿಟ್ಟಳು. ಕಿಟಕಿಯ ತಂತಿ ಬಿಚ್ಚಿ ಸ್ಪೀಕರ್ ನನ್ನ ಕೈಗೆ ಕೊಟ್ಟಳು.

ಮಧ್ಯಾಹ್ನ ಅವಳೇ ಭಾವನಿಗೆ ಮುದ್ದೆ ತಿನ್ನಿಸಿದಳು. ಸಾರು ಖಾರವಾಗಿತ್ತು. ಎರಡು ತುತ್ತಿಗೇ ಭಾವನ ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು. ಎಡಗೈ ಎತ್ತಿ ಬೀರುವಿನ ಮೇಲಿದ್ದ ಟ್ಯಾಬ್ ತೋರಿಸಿದರು. ಅಕ್ಕ ಒಳಗೆ ಹೋಗಿ ಲೋಟದ ತುಂಬ ನೀರು ತಂದಳು. ಅವರ ಕೈಗೆ ಎಟುಕದಷ್ಟು ದೂರ ನಿಂತುಕೊಂಡಳು.

“ಬಾಯಲ್ಲಿ ಹೇಳಿ,” ಎಂದಳು.

ಭಾವ ಅವಳನ್ನು ನೋಡಿದರು. ನಗು ಹೊರಟುಹೋಗಿತ್ತು. ನನ್ನ ಕಡೆ ನೋಡಿದರು, ನಾನು ಕೊಡು ಎನ್ನಲಿಲ್ಲ. ಬಾಯಿ ತೆರೆದರು. ಕತ್ತಿನ ನರ ಉಬ್ಬಿತು, ಉಸಿರು ಬಂತು, ಎಂಜಲು ಬಂತು. ಅವರು ಹೇಳಲು ನೋಡಿದ್ದು ನೀರು ಎಂದೋ, ಅಕ್ಕನಿಗೆ ಬೇಕಾಗಿದ್ದ ಆ ಮಾತನ್ನೋ, ಅದು ಯಾರಿಗೂ ತಿಳಿಯುವಂತಿರಲಿಲ್ಲ. ಆ ಗಂಟಲಿನಿಂದ ಇನ್ನು ಯಾವ ಮಾತೂ ಬರುವುದಿಲ್ಲ ಎಂದು ಡಾಕ್ಟರು ಅವಳೆದುರಿಗೇ ಹೇಳಿದ್ದರು. ಅಕ್ಕ ಲೋಟ ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ, ಕಿವಿಗೊಟ್ಟು ನಿಂತಿದ್ದಳು. ನಾನು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದಾಗಲೂ ಹಾಗೇ ನಿಂತಿದ್ದಳು.

“ಹೇಳಿ,” ಎನ್ನುತ್ತಿದ್ದಳು ಮೆತ್ತಗೆ. “ನಂಗೇನೂ ಅವಸರ ಇಲ್ಲ.”