ಓರೆಯಾಗಿ ಗಟ್ಟಿಯಾದ ಹಾಲು

ಫ್ರಿಜ್ಜಿನ ಐಸಿನ ಡಬ್ಬಿಯಿಂದ ತೆಗೆದ ಸೀಸೆಯನ್ನು ಬೆಳಕಿಗೆ ಹಿಡಿದ ತನುಜಳ ಕೈ ಹಾಗೇ ನಿಂತಿತು. ಒಳಗಿನ ಹಾಲು ಕಲ್ಲಿನಂತೆ ಗಟ್ಟಿಯಾಗಿತ್ತು, ಆದರೆ ಓರೆಯಾಗಿ. ಒಂದು ಮಗ್ಗುಲಲ್ಲಿ ಕತ್ತಿನವರೆಗೆ, ಇನ್ನೊಂದು ಮಗ್ಗುಲಲ್ಲಿ ಅರ್ಧಕ್ಕೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ ನೋಡಿದ್ದಳು, ಮಟ್ಟಸವಾಗಿತ್ತು. ಪಕ್ಕದ ಸೀಸೆಯೂ ಹಾಗೇ ವಾಲಿಕೊಂಡಿತ್ತು. ಅಂದರೆ ನಡುವೆ ಯಾವಾಗಲೋ ಹಾಲು ಕರಗಿದೆ, ಸೀಸೆ ವಾಲಿದೆ, ಮತ್ತೆ ಗಟ್ಟಿಯಾಗಿದೆ.

ಚಿಂತಾಮಣಿಯಿಂದ ಬಸ್ಸಿಳಿದು ಬಂದವಳು ಹೆಗಲ ಬ್ಯಾಗನ್ನೂ ತೆಗೆದಿರಲಿಲ್ಲ. ಬಾಣಂತನದ ರಜೆ ಮುಗಿಸಿ ಶಾಲೆಗೆ ಹೋಗತೊಡಗಿದ ಮೊದಲ ವಾರ. ಹಾಲು ಕಟ್ಟಿ ಎದೆ ಕಲ್ಲಾಗಿ ರವಿಕೆ ಒದ್ದೆಯಾಗಿತ್ತು.

"ಅತ್ತೆ, ಮಧ್ಯಾಹ್ನ ಕೂಸಿಗೆ ಕೊಟ್ಟ ಹಾಲು ಹೆಂಗಿತ್ತು?"

ಮುನಿಗಂಗಮ್ಮ ಅವರೆಕಾಯಿ ಸುಲಿಯುತ್ತ ತಲೆ ಎತ್ತದೆ ಹೇಳಿದರು. "ನೀನು ಬಿಸಿನೀರಾಗೆ ನಿಲ್ಸಿ ಕರಗಿಸಿ ಅಂದಿದ್ದೆ. ಆ ಕಷ್ಟಾನೇ ಇರ್ಲಿಲ್ಲ ಕಣಮ್ಮ, ಆಗ್ಲೇ ನೀರಾಗಿತ್ತು. ತಣ್ಣಗಿತ್ತು, ಬೆಚ್ಚಗೆ ಮಾಡಿ ಕುಡ್ಸಿದೆ."

ತನುಜ ಜೋಲಿಯ ಹತ್ತಿರ ಹೋಗಿ ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಮೆತ್ತಗಿತ್ತು. ಕೆಳಗೆ ಹಾಸಿದ್ದ ಬಟ್ಟೆ ತೆಗೆದು ನೋಡಿದಳು, ಮೂಸಿದಳು. ಹೋದ ತಿಂಗಳು ಅವಳು ಜ್ವರದಲ್ಲಿ ಮಲಗಿದ್ದಾಗ ಕುಡಿಸಿದ ಹಸುವಿನ ಹಾಲಿಗೆ ಕೂಸಿಗೆ ಭೇದಿ ಹತ್ತಿ, ಆಸ್ಪತ್ರೆಯಲ್ಲಿ ಅದರ ಪುಟ್ಟ ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಎದೆಹಾಲು ಹಿಂಡಿ ಐಸಿನಲ್ಲಿಡುವುದನ್ನು ಅಲ್ಲಿಯ ಡಾಕ್ಟರಮ್ಮನೇ ಹೇಳಿಕೊಟ್ಟದ್ದು. ಕರಗಿದ್ದನ್ನು ಆ ದಿನವೇ ಕುಡಿಸಿ, ಮತ್ತೆ ಗಟ್ಟಿ ಮಾಡಬೇಡಿ ಎಂದು ಎರಡು ಸಲ ಹೇಳಿದ್ದರು. "ನಮ್ಮ ಟೀಚರಮ್ಮ ಎದೆಹಾಲಲ್ಲಿ ಐಸ್ ಕ್ಯಾಂಡಿ ಮಾಡ್ತಾಳೆ" ಎಂದು ಅತ್ತೆ ಬೀದಿಗೆಲ್ಲ ಹೇಳಿ ನಕ್ಕಿದ್ದರು.

ತನುಜ ಮತ್ತೆ ಫ್ರಿಜ್ ತೆಗೆದಳು. ಕೆಳಗಿನ ತರಕಾರಿ ಡಬ್ಬಿಯಲ್ಲಿ, ಕ್ಯಾರೆಟ್ಟಿನ ಮೇಲೆ, ಪೇಪರಿನಲ್ಲಿ ಸುತ್ತಿದ ಹಾಳೆಗಳು. ಹಾಳೆಯ ತುಂಬ ಸಾಸಿವೆ ಚೆಲ್ಲಿದಂತೆ ರೇಷ್ಮೆ ಮೊಟ್ಟೆ.

ಚಲಪತಿ ಆಗತಾನೇ ಕಾಲು ತೊಳೆದು ಒಳಗೆ ಬಂದ. ಹೆಂಡತಿಯ ಕೈಲಿದ್ದ ಹಾಳೆಗಳನ್ನು ತಾನು ತೆಗೆದುಕೊಂಡು ಟವಲಿನಲ್ಲಿ ಮುಖ ಒರೆಸಿಕೊಂಡ.

"ಹುಳುಮನೆಗೆ ಔಷಧಿ ಹೊಡ್ದಿಲ್ಲ ಕಣೇ. ಮೊಟ್ಟೆ ಒಡೆಯೋದು ಎರಡು ದಿನ ತಡೀಲಿ ಅಂತ ಇದ್ರಾಗೆ ಇಟ್ಟೆ. ತಂಪು ಜಾಸ್ತಿಯಾದ್ರೆ ಮೊಟ್ಟೆ ಸಾಯ್ತಾವಲ್ಲ, ಅದಕ್ಕೆ ಫ್ರಿಜ್ ಗುಂಡಿ ಕಮ್ಮಿ ಮಾಡಿದ್ದೆ. ಆಮೇಲೆ ಕರೆಂಟೂ ಹೋಯ್ತು. ಊಟಕ್ಕೆ ಬಂದು ನೋಡಿದ್ರೆ ನಿನ್ನ ಹಾಲು ನೀರಾಗಿತ್ತು. ಬೈತೀಯ ಅಂತ, ಕರೆಂಟ್ ಬಂದ ತಕ್ಷಣ ಮೊಟ್ಟೇನ ಪೇಪರ್ ಸುತ್ತಿ ಕೆಳಗಿನ ಡಬ್ಬಿಗೆ ಇಳ್ಸಿ ಫುಲ್ ಇಟ್ಟೆ. ಗಟ್ಟಿಯಾಯ್ತಲ್ಲ ಮತ್ತೆ?"

"ಆಗಬಾರದಾಗಿತ್ತು. ಇವೆರಡನ್ನೂ ಚೆಲ್ಲಬೇಕು."

"ಚೆಲ್ಲಿದ್ರೆ ನಾಳೆ?"

ನಾಳೆಯಿಂದ ಪರೀಕ್ಷೆ. ಅವಳಿಗೆ ರಜೆಯಿಲ್ಲ.

"ಒಂದಿನಕ್ಕೆ ಏನೂ ಆಗಲ್ಲ, ಇದನ್ನೇ ಕುಡಿಸ್ಲಿ ಬಿಡು. ಇಲ್ಲಾಂದ್ರೆ ನೀನೇ ಮನೇಲಿರು" ಎಂದ ಚಲಪತಿ.

ಆ ಕೊನೆಯ ಮಾತು ತಿಂಗಳಿಂದ ಈ ಮನೆಯಲ್ಲಿ ಯಾರ ಬಾಯಿಂದಲಾದರೂ ಬೀಳಬಹುದೆಂದು ಅವಳು ಕಾಯುತ್ತಲೇ ಇದ್ದಳು. ನಾಳೆ ಮನೆಯಲ್ಲಿ ನಿಂತರೆ ನಾಡಿದ್ದೂ ನಿಲ್ಲಬೇಕಾಗುತ್ತದೆ. ಸೀಸೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ ಎಲ್ಲ ಸಲೀಸು. ಅವಳ ಕೈ ಒಂದು ಗಳಿಗೆ ಐಸಿನ ಡಬ್ಬಿಯವರೆಗೆ ಹೋಯಿತು ಕೂಡ. ಅಷ್ಟರಲ್ಲಿ ಕೂಸು ನಿದ್ದೆಯಲ್ಲೇ ತೋಳು ಚಾಚಿತು. ಸೂಜಿ ಚುಚ್ಚಿದ ಗುರುತು ಇನ್ನೂ ಪೂರ್ತಿ ಮಾಸಿರಲಿಲ್ಲ.

ತನುಜ ಸೀಸೆಗಳನ್ನು ಅತ್ತೆಯ ಮುಂದೆ ನೆಲದ ಮೇಲಿಟ್ಟಳು.

ಮುನಿಗಂಗಮ್ಮನ ಬೆರಳುಗಳು ಕಾಯಿಯ ಮೇಲೆ ನಿಂತುಬಿಟ್ಟವು. "ಹಂಗಾದ್ರೆ... ನಾನು ಕುಡಿಸಿದ್ದು?"

"ಅದು ಬೆಳಿಗ್ಗೆ ಕರಗಿದ್ದು ಅತ್ತೆ, ಮತ್ತೆ ಗಟ್ಟಿಯಾಗಿರ್ಲಿಲ್ಲ. ತಣ್ಣಗೂ ಇತ್ತು ಅಂದ್ರಲ್ಲ. ಏನೂ ಆಗಲ್ಲ." ಹೇಳುತ್ತಲೇ ಆ ಮಾತನ್ನು ತಾನೂ ಕೇಳಿಸಿಕೊಂಡಳು.

ಮುನಿಗಂಗಮ್ಮ ಮಗನ ಕಡೆ ತಿರುಗಿದರು. "ಏಮಿರಾ ಇದಿ? ಏನೋ ಇದು? ನನ್ನ ಕೈಯಾರೆ ಕೂಸಿಗೆ ಕುಡಿಸ್ತಿದ್ದೀನಿ, ನಂಗೊಂದು ಮಾತು ಹೇಳೋಕೆ ನಿನ್ನ ಬಾಯಿ ಬಿದ್ದೋಗಿತ್ತಾ?"

"ಅಮ್ಮ, ಬೆಳೆ ಹೋದ್ರೆ..."

"ನಾವು ಫ್ರಿಜ್ ಇಟ್ಕೊಂಡು ಹುಳ ಸಾಕಿದ್ವಾ? ತಾ ಇಲ್ಲಿ." ಮಗನ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡು ಒಳಕೋಣೆಗೆ ನಡೆದರು. ನೀರಿನ ಗುಡಾಣದ ಪಕ್ಕ ಒದ್ದೆ ಗೋಣಿ ಹಾಸಿ, ಮೇಲೊಂದು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹಾಳೆಗಳನ್ನು ಹರಡಿದರು. "ಒಡೆದ್ರೆ ಒಡೀಲಿ. ಬೆಳಕಿರೋವಾಗ್ಲೇ ಹೋಗಿ ಔಷಧಿ ಹೊಡ್ಕೊಂಡು ಬಾ, ನಡಿ."

ಚಲಪತಿ ಗೋಡೆಗೆ ತೂಗುಹಾಕಿದ್ದ ಔಷಧಿ ಹೊಡೆಯುವ ಡಬ್ಬಿ ಬೆನ್ನಿಗೇರಿಸಿಕೊಂಡು ಹೋದ.

ಕೂಸು ಎದ್ದು ಅತ್ತಿತು. ತನುಜ ಒಂದೆದೆಗೆ ಹಚ್ಚಿಕೊಂಡು, ಇನ್ನೊಂದರ ಕೆಳಗೆ ಕುದಿಸಿ ಆರಿಸಿದ ಬಟ್ಟಲು ಹಿಡಿದಳು. ಎದೆ ಅಷ್ಟು ತುಂಬಿದ್ದರೂ ಮೊದಲು ಒಂದು ಹನಿಯೂ ಬರಲಿಲ್ಲ. ಕಣ್ಣು ಮುಚ್ಚಿ ಕೂಸು ಗುಟುಕರಿಸುವ ಸದ್ದನ್ನಷ್ಟೇ ಕೇಳುತ್ತ ಕೂತಳು. ತುಸು ಹೊತ್ತಿಗೆ ಬಟ್ಟಲಿನ ತಳಕ್ಕೆ ಹನಿ ಬಿದ್ದು ಟಣ್ಣೆಂದಿತು. ಕಿಟಕಿಯಾಚೆ ಅತ್ತೆ ಕರಿಬೇವಿನ ಗಿಡದ ಬುಡದಲ್ಲಿ, ಯಾರೂ ತುಳಿಯದ ಕಡೆ, ಆ ಎರಡು ಸೀಸೆಗಳನ್ನು ಬೋರಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಹಾಲು ಬೇಗ ಕರಗುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತನುಜ ನಾಳೆಗೆಂದು ಮೊದಲ ಸೀಸೆ ತುಂಬಿಸಿ ತಂದಳು. ಅತ್ತೆ ದೇವರ ಗೂಡಿನ ಮುಂದೆ ನಿಂತಿದ್ದರು, ತಿರುಗಿ ನೋಡಲಿಲ್ಲ. ಫ್ರಿಜ್ ಬಾಗಿಲು ತೆಗೆದರೆ, ಗುಂಡಿಯ ಗೀಟೂ ಅದರ ಪಕ್ಕದ ಅಂಕಿಯೂ ಒಂದಕ್ಕೊಂದು ಅಂಟುವಂತೆ ಒಂದು ದೊಡ್ಡ ಕುಂಕುಮದ ಬೊಟ್ಟು. ಇನ್ನೂ ಹಸಿಯಾಗಿತ್ತು; ಇನ್ನು ಯಾರು ಗುಂಡಿ ತಿರುಗಿಸಿದರೂ ಬೊಟ್ಟು ಒಡೆಯದೆ ಇರದು. ಅದಕ್ಕೆ ಕೈ ತಾಗದಂತೆ ಬಗ್ಗಿ, ತನುಜ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದಳು.