ಮೂಳೆ ಗಾಡಿಯ ಕೂಗು

ರಹೀಂ ಭಾಯಿಯ ಗಂಟಲಿನ ಆಪರೇಷನ್ ಆದ ಮೇಲೆ ಶಿವಾಜಿನಗರದ ಮೂಳೆಗಳು ನಮ್ಮ ಲ್ಯಾಬಿಗೆ ಬರುವುದು ನಿಂತುಹೋಯಿತು.

ನಮ್ಮ ಲ್ಯಾಬೆಂದರೆ ಕೆ.ಆರ್. ಪುರದ ಒಂದು ಹಳೆಯ ಶೆಡ್ಡು. ಊಟದಲ್ಲಿ ಉಳಿದ ಮಟನ್ ಮೂಳೆಗಳನ್ನು ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು ಇದ್ದಿಲು ಮಾಡುತ್ತೇವೆ. ಆ ಇದ್ದಿಲು ನೀರಿನಲ್ಲಿರುವ ಫ್ಲೋರೈಡನ್ನು ಹೀರುತ್ತದೆ. ಅದನ್ನು ತುಂಬಿದ ಫಿಲ್ಟರುಗಳು ಮಾಲೂರು, ಬಂಗಾರಪೇಟೆ ಕಡೆಯ ಮನೆಗಳಿಗೆ ಹೋಗುತ್ತವೆ. ಇಲ್ಲಿ ಕಚ್ಚಿ ಬಿಸಾಡಿದ್ದು ಅಲ್ಲಿ ಮಕ್ಕಳ ಹಲ್ಲು ಉಳಿಸುತ್ತದೆ. ನನ್ನ ಪಿಎಚ್‌ಡಿ ವಿಷಯವೂ ಅದೇ. ಪಿಎಚ್‌ಡಿ ಅಂದರೆ ‘ಪೂರಾ ಹಡ್ಡಿ ಡಿಪಾರ್ಟ್‌ಮೆಂಟ್’, ಬರೀ ಮೂಳೆಯ ಇಲಾಖೆ, ಎಂದು ಮನೆಯಲ್ಲಿ ನಾನೇ ಹೇಳಿಕೊಂಡು ನಗುತ್ತೇನೆ. ಬೇರೆ ಯಾರೂ ನಗುವುದಿಲ್ಲ.

ಆದರೆ ಎಂಥ ಮೂಳೆಯಾದರೂ ಆಗುವುದಿಲ್ಲ. ಜಿಡ್ಡು ಉಳಿದಿದ್ದರೆ ಫಿಲ್ಟರಿನ ನೀರು ನಾರುತ್ತದೆ. ತೊಳೆದು, ಮಹಡಿಯ ಬಿಸಿಲಲ್ಲಿ ಒಣಗಿಸಿದ ಮೂಳೆಯೇ ಬೇಕು. ರಸೆಲ್ ಮಾರ್ಕೆಟ್ಟಿನ ಹಿಂದಿನ ನಾಲ್ಕು ಗಲ್ಲಿಗಳ ಹೆಂಗಸರಿಗೆ ಇದನ್ನು ಕಲಿಸಿದ್ದು ನಾವಲ್ಲ, ರಹೀಂ ಭಾಯಿ. ನಮ್ಮ ಲ್ಯಾಬು ಹುಟ್ಟುವ ಮೊದಲೇ ಅವರು ತಳ್ಳುಗಾಡಿಯಲ್ಲಿ ಮೂಳೆ ಸಂಗ್ರಹಿಸುತ್ತಿದ್ದವರು. ಬೆಳಿಗ್ಗೆ ಹನ್ನೊಂದಕ್ಕೆ “ಹಡ್ಡೀ... ಮಾ, ಸೂಖೀ ಹಡ್ಡೀ...” ಎಂದು ಅವರು ಕೂಗಿದರೆ ಸಾಕು, ಮಹಡಿಗಳಿಂದ ಒಣಮೂಳೆಯ ಬುಟ್ಟಿಗಳು ಹಗ್ಗದಲ್ಲಿ ಇಳಿಯುತ್ತಿದ್ದವು. ಆ ‘ಮಾ’ ಎಂಬಲ್ಲಿ ದನಿ ಸ್ವಲ್ಪ ಒಡೆದು, ಮತ್ತೆ ಕೂಡಿಕೊಳ್ಳುತ್ತಿತ್ತು.

ಡಾಕ್ಟರು ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ರಹೀಂ ಭಾಯಿ ಉಸಿರಾಡಲು ಕುತ್ತಿಗೆಯಲ್ಲಿ ಬಿಟ್ಟಿರುವ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಗಾಡಿ ತಳ್ಳುತ್ತಾರೆ, ಮಾತಿಲ್ಲ. ಲ್ಯಾಬಿನವರು ಗಾಡಿಗೆ ಸ್ಪೀಕರ್ ಕಟ್ಟಿಸಿದರು: “ಮಾನ್ಯ ನಾಗರಿಕರೇ, ಸಂಸ್ಕರಣೆಗೆ ಯೋಗ್ಯವಾದ ಮೂಳೆಗಳನ್ನು ಪ್ರತ್ಯೇಕಿಸಿ ನೀಡಿ ಸಹಕರಿಸಿ.”

“ಏನ್ ಸಾರ್, ಎಲೆಕ್ಷನ್ನಾ?” ಎಂದು ನಾಲ್ಕನೇ ಗಲ್ಲಿಯ ಮೂಲೆಯಲ್ಲಿರುವ ಮಟನ್ ಅಂಗಡಿಯ ವಕಾರ್ ಕೇಳಿದ. “ನಿಮ್ ಅಭ್ಯರ್ಥಿ ಗುರುತು ಮೂಳೇನಾ?”

ಬುಟ್ಟಿಗಳು ಇಳಿಯಲಿಲ್ಲ. ಒಂದೆರಡು ಕವರ್ ಬಂದವು. ಒಳಗೆ ಡೈಪರ್ ಇತ್ತು.

ಮೂಳೆ ಇಲ್ಲದ ಚಿಂತೆ ನನಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ರಹೀಂ ಭಾಯಿಯ ಮಗಳು ಅರೀಬಾ ಹೇಳಿದ ಒಂದು ಮಾತು ಅದಕ್ಕಿಂತ ಹೆಚ್ಚು ಕಾಡುತ್ತಿತ್ತು.

“ಅಮ್ಮಿ ಈಗ್ಲೂ ಹನ್ನೊಂದು ಗಂಟೆಗೆ ಕಿಟಕಿ ಹತ್ರ ಹೋಗಿ ನಿಂತ್ಕೋತಾರೆ, ಕೆಂಪರಾಜ್ ಅಣ್ಣಾ. ಎಲ್ಲಾರ್ ಫೋನೂ ಹುಡುಕಿದ್ರು. ಅಬ್ಬಾ ವಾಯ್ಸ್ ಇರೋದು ಒಂದು ವಿಡಿಯೋನೂ ಇಲ್ಲ. ನನ್ ಮದ್ವೇದು ಒಂದಿದೆ, ಅದ್ರಲ್ಲಿ ಬರೀ ಬ್ಯಾಂಡು.”

ಎರಡು ವರ್ಷ ಆ ಗಾಡಿಯ ಹಿಂದೆ ನೋಟ್‌ಬುಕ್ ಹಿಡಿದು ನಡೆದವನು ನಾನು. ಒಂದು ದನಿ ಕೂಡ ರೆಕಾರ್ಡ್ ಮಾಡಿರಲಿಲ್ಲ, ತೂಕ ಮಾತ್ರ ಬರೆದುಕೊಂಡಿದ್ದೆ.

ನನಗೊಂದು ಕೆಟ್ಟ ಚಾಳಿಯಿದೆ. ಕೇಳಿದ ದನಿ ಗಂಟಲಿಗೆ ಅಂಟಿಕೊಳ್ಳುತ್ತದೆ. ಟಿನ್ ಫ್ಯಾಕ್ಟರಿ ಸ್ಟಾಪಿನ ಕಂಡಕ್ಟರು, ಮೀಟಿಂಗಿನಲ್ಲಿ ‘ಬೇಸಿಕಲೀ’ ಎಂದು ಕೆಮ್ಮುವ ನಮ್ಮ ಗೈಡು, ಹಲಸೂರಿನ ಹೂವಿನಮ್ಮ, ಎಲ್ಲರೂ ಒಳಗೆ ಬಾಡಿಗೆಗಿದ್ದಾರೆ. ಒಂದು ಸೋಮವಾರ ಸ್ಪೀಕರ್ ಕೆಟ್ಟಿತು. ಮೊದಲನೇ ಗಲ್ಲಿಯಲ್ಲಿ, ಯೋಚಿಸುವ ಮೊದಲೇ, ಬಾಯಿ ತೆರೆದುಬಿಟ್ಟೆ.

“ಹಡ್ಡೀ... ಮಾ, ಸೂಖೀ ಹಡ್ಡೀ...”

ರಹೀಂ ಭಾಯಿ ಗಾಡಿ ನಿಲ್ಲಿಸಿ ತಿರುಗಿದರು. ಅವರ ಕೈ ಕುತ್ತಿಗೆಯ ಬಟ್ಟೆಗೆ ಹೋಯಿತು. ತಮ್ಮಿಂದ ಏನೋ ಬಿದ್ದುಹೋಯಿತೆಂದು ತಡವಿ ನೋಡಿಕೊಂಡ ಹಾಗೆ. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಮೇಲೆ ಕಿಟಕಿಯೊಂದು ತೆರೆಯಿತು, ಆಮೇಲೆ ಎದುರಿನದು. ಮುದುಕಿಯೊಬ್ಬಳು “ರಹೀಮಾ! ಠೀಕ್ ಹೋಗಯಾ ರೇ, ಗಂಟ್ಲು?” ಎಂದು ಕೂಗಿದಳು. ಬುಟ್ಟಿಗಳು ಇಳಿಯತೊಡಗಿದವು. ರಹೀಂ ಭಾಯಿ ಅವುಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬೆರಳಾಡಿಸಿದರು: ಇನ್ನೊಂದು ಸಲ.

ಹೀಗೆ ಮೂರು ಗಲ್ಲಿ ಮುಗಿದವು. ನಾಲ್ಕನೆಯದು ಅವರದೇ ಗಲ್ಲಿ. ಆಪರೇಷನ್ ಆದಾಗಿನಿಂದ ಅದರೊಳಕ್ಕೆ ಗಾಡಿ ತಂದಿರಲಿಲ್ಲ. ಅಂದು ಮೂಲೆಯಲ್ಲಿ ನಿಂತರು, ತುಂಬಾ ಹೊತ್ತು. ಆಮೇಲೆ ತಳ್ಳಿದರು.

ಎರಡನೇ ಮಹಡಿಯ ಕಿಟಕಿಯಲ್ಲಿ ಅವರ ಹೆಂಡತಿ ನಿಂತಿದ್ದರು, ಹಿಂದಿನ ಗಲ್ಲಿಯ ಕೂಗು ಕೇಳಿಸಿರಬೇಕು, ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮೂಳೆಗಾಗಿ ಎಲ್ಲರಿಗೂ ಕೂಗಿದ್ದನ್ನೇ ಇವರಿಗೂ ಕೂಗುವುದೇ? ಇವರಿಗೆಂದೇ ಒಂದು ಕೂಗು ಕೊಡಬೇಕು ಅನ್ನಿಸಿತು. ಕೆ.ಆರ್. ಪುರದಲ್ಲಿ ನಮ್ಮಪ್ಪ ಕರೆಯುವುದು ಹಾಗೇ, ಗದ್ದೆಯಿದ್ದಾಗಲೂ ಗದ್ದೆ ಸೈಟಾದ ಮೇಲೂ, ಬೀದಿಗೆಲ್ಲ ಕೇಳುವಂತೆ ಅಮ್ಮನ ಹೆಸರು ಹಿಡಿದು.

“ಸಾಬಿರಾ...!” ಎಂದೆ, ರಹೀಂ ಭಾಯಿಯ ದನಿಯಲ್ಲಿ.

ವಕಾರನ ಕತ್ತಿ ಮರದ ದಿಮ್ಮಿಯ ಮೇಲೆ ನಿಂತಿತು. ಕಿಟಕಿಯಲ್ಲಿ ಯಾರೋ ಹುಡುಗಿಯರು ಸೆರಗು ಬಾಯಿಗಿಟ್ಟು ನಕ್ಕರು. ರಹೀಂ ಭಾಯಿಯ ಕಿವಿ ಕೆಂಪಾಗಿತ್ತು.

“ಏನ್ ಗುರು ಮಾಡ್ಬಿಟ್ಟೆ!” ವಕಾರ್ ಪಿಸುಗುಟ್ಟಿದ. “ಇಲ್ಲಿ ಹೆಂಡ್ತಿ ಹೆಸ್ರು ಹಂಗೆಲ್ಲಾ ಬೀದೀಲಿ ಹಿಡಿಯೋಲ್ಲ. ‘ಅರೀಬಾ ಕೀ ಅಮ್ಮೀ’ ಅನ್ಬೇಕು. ಭಾಯಿ ಯಾವತ್ತೂ ಹಂಗೇ ಅಂದಿದ್ದು, ಮನೆ ಒಳಗೂ.”

ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಸಾಬಿರಾ ಆಪಾ ದುಪಟ್ಟಾ ತಲೆಗೆಳೆದುಕೊಳ್ಳುತ್ತ ಇಳಿದು ಬಂದು ಗಾಡಿಯ ಮುಂದೆ ನಿಂತರು.

“ಯಾರು ಕೂಗಿದ್ದು?”

“ನಾನೇ ಆಪಾ. ತಪ್ಪಾಯ್ತು, ನಂಗೊತ್ತಿರ್ಲಿಲ್ಲ. ಅವ್ರ್ ಮೇಲೆ ಸಿಟ್ ಮಾಡ್ಬೇಡಿ.”

ಅವರು ನನ್ನನ್ನು ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದರು.

“ಮೂವತ್ತೊಂದು ವರ್ಷ. ಗಂಟಲಿದ್ದಾಗ ಒಂದ್ಸಲ ಹೆಸ್ರು ಹೇಳ್ಲಿಲ್ಲ ಇವ್ರು. ಮದ್ವೇಲಿ ಕಾಜಿ ಸಾಬ್ರು ಹೇಳಿದ್ದೇ ಹೇಳಿದ್ದು. ಹೇಳಿದ್ರೆ ಹೆಂಗ್ ಕೇಳ್ಸುತ್ತೋ ಅಂತ ಕಾಯ್ತಾನೇ ಇದ್ದೆ.” ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದರು. “ಇನ್ನೊಂದ್ಸಲ ಕರಿ, ಬೇಟಾ.”

ಉಸಿರೆಳೆದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ರಹೀಂ ಭಾಯಿ ನನ್ನ ಮಣಿಕಟ್ಟು ಹಿಡಿದರು, ಬಿಗಿಯಾಗಿ. ಬೇಡ ಎಂದು ತಲೆಯಾಡಿಸಿ, ಗಾಡಿಯ ಹಿಡಿ ಬಿಟ್ಟು, ಸುತ್ತಿ ಬಂದು ಹೆಂಡತಿಯ ಎದುರು ನಿಂತರು. ಎಲ್ಲ ಕಿಟಕಿಗಳೂ ನೋಡುತ್ತಿದ್ದವು.

ಅವರ ತುಟಿಗಳು ಕದಲಿದವು. ಮೂರು ಅಕ್ಷರ. ಕುತ್ತಿಗೆಯ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು, ಗಾಳಿ ಹೊರಟಿತು, ಸದ್ದು ಬರಲಿಲ್ಲ. ಆ ಸದ್ದು ನನ್ನ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಹಲ್ಲು ಕಚ್ಚಿ ಅದನ್ನು ಅಲ್ಲೇ ಇಟ್ಟುಕೊಂಡೆ.

ಸಾಬಿರಾ ಆಪಾ ದುಪಟ್ಟಾದ ಅಂಚು ಸರಿಸಿ ಕಿವಿಯನ್ನು ಮುಂದಕ್ಕೆ ತಂದರು.

“ಏನಂದ್ರಿ? ಕೇಳಿಸ್ಲಿಲ್ಲ,” ಎಂದರು. “ಇನ್ನೊಂದ್ಸಲ ಹೇಳಿ.”

ರಹೀಂ ಭಾಯಿ ಮತ್ತೆ ಹೇಳಿದರು.